ಮಕ್ಕಳು ಒಳಗೆ, ಮೇಷ್ಟ್ರು ಹೊರಗೆ: ಅಮೆರಿಕದ ನಗರ ಶಾಲೆಗಳಲ್ಲಿ ಕಪ್ಪು ಶಿಕ್ಷಕರು

ಪ್ರಶ್ನೆ: ನಾನು ಎಂ.ಎಡ್. ವಿದ್ಯಾರ್ಥಿನಿ. ಅಮೆರಿಕದ ದೊಡ್ಡ ನಗರಗಳ ಸರ್ಕಾರಿ ಶಾಲೆಗಳ ಬಗ್ಗೆ ಸೆಮಿನಾರ್ ಕೊಡಬೇಕಾಗಿದೆ. ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನ ನಂತರ ಕಪ್ಪು ಮಕ್ಕಳಿಗೆ ಎಲ್ಲ ಶಾಲೆಗಳೂ ತೆರೆದವು ಎಂದು ಓದಿದ್ದೇನೆ. ಹಾಗಿದ್ದರೆ ಕಪ್ಪು ಶಿಕ್ಷಕರ ಸಂಖ್ಯೆಯೂ ಏರಬೇಕಿತ್ತಲ್ಲವೇ? ಈಗ ನೋಡಿದರೆ ದೇಶದ ಸರ್ಕಾರಿ ಶಾಲಾ ಮಕ್ಕಳಲ್ಲಿ ಶೇ. 15ರಷ್ಟು ಕಪ್ಪು ಮಕ್ಕಳು, ಶಿಕ್ಷಕರಲ್ಲಿ ಶೇ. 6 ಮಾತ್ರ. ಹೀಗೇಕಾಯಿತು? ಮುಖ್ಯಶಿಕ್ಷಕ, ಸೂಪರಿಂಟೆಂಡೆಂಟ್ (ಇಡೀ ನಗರದ ಶಾಲೆಗಳ ಮುಖ್ಯಾಧಿಕಾರಿ) ಹುದ್ದೆಗಳಿಗೆ ಅವರು ಯಾವಾಗ, ಹೇಗೆ ಬಂದರು? ಅಧ್ಯಯನಕ್ಕೆ ಯಾವ ನಗರವನ್ನು ಆರಿಸಿಕೊಳ್ಳಲಿ?

ಉತ್ತರ: ಏರಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬ್ರೌನ್ ತೀರ್ಪು ಹೇಳಿದ್ದು ಮಕ್ಕಳ ಬಗ್ಗೆ. ಅವರನ್ನು ಬಣ್ಣ ನೋಡಿ ಬೇರೆ ಶಾಲೆಗೆ ಅಟ್ಟುವಂತಿಲ್ಲ ಎಂದಿತು. ಶಿಕ್ಷಕರ ಕೆಲಸ ಉಳಿಸುವ ಒಂದು ಸಾಲೂ ಅದರಲ್ಲಿರಲಿಲ್ಲ. ನೇಮಕದ ಆದೇಶಕ್ಕೆ ಸಹಿ ಹಾಕುತ್ತಿದ್ದ ಶಾಲಾ ಮಂಡಳಿಗಳು ತೀರ್ಪಿನ ಹಿಂದಿನ ದಿನ ಯಾರ ಕೈಯಲ್ಲಿದ್ದವೋ ಮರುದಿನವೂ ಅವರ ಕೈಯಲ್ಲೇ ಇದ್ದವು. ಈ ವಿಷಯವನ್ನು ಯಾವ ಕಾಲದಲ್ಲಿ ನೋಡಿದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೇಮಿಸುವವರು ಯಾರು, ತೆಗೆಯುವವರು ಯಾರು, ಯಾವ ಪಟ್ಟಿಯಿಂದ? ಅದನ್ನು ಬಿಟ್ಟು ಬರೀ ತೀರ್ಪುಗಳ ದಿನಾಂಕ ಬರೆದುಕೊಂಡರೆ ಸೆಮಿನಾರ್ ಮುಗಿಯುತ್ತದೆ, ನಿಮ್ಮ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

1954ಕ್ಕಿಂತ ಹಿಂದಿನದನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ನೀವು ಹಾರಿಸಬೇಡಿ. ವಾಷಿಂಗ್ಟನ್ ನಗರದಲ್ಲಿ 1870ರಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಮಕ್ಕಳಿಗಾಗಿ ಸರ್ಕಾರಿ ಪ್ರೌಢಶಾಲೆ ಶುರುವಾಯಿತು. ಅದೇ ಮುಂದೆ ಎಂ ಸ್ಟ್ರೀಟ್ ಹೈಸ್ಕೂಲ್ ಆಗಿ, 1916ರಿಂದ ಡನ್‌ಬಾರ್ ಹೈಸ್ಕೂಲ್ ಎಂದು ಹೆಸರಾಯಿತು. ಅದರ ಆರಂಭದ ಮುಖ್ಯಸ್ಥರಲ್ಲಿ ಒಬ್ಬರು ಮೇರಿ ಜೇನ್ ಪ್ಯಾಟರ್ಸನ್. 1862ರಲ್ಲಿ ಓಬರ್ಲಿನ್ ಕಾಲೇಜಿನಿಂದ ಬಿ.ಎ. ಪಡೆದವರು, ಆ ಪದವಿ ಪಡೆದ ಮೊದಲ ಕಪ್ಪು ಮಹಿಳೆ. ಇತಿಹಾಸಕಾರ ಕಾರ್ಟರ್ ವುಡ್ಸನ್ 1912ರಲ್ಲಿ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಪಡೆದವರು, ಅವರೂ ಇದೇ ಶಾಲೆಯಲ್ಲಿ ಮೇಷ್ಟ್ರು. ಹೈಸ್ಕೂಲಿಗೆ ಇಂಥವರು ಸಿಕ್ಕಿದ್ದಕ್ಕೆ ಎರಡು ಕಾರಣ. ಓದಿದ ಕಪ್ಪು ಜನರಿಗೆ ವಿಶ್ವವಿದ್ಯಾಲಯ, ಕಚೇರಿ, ಕಂಪನಿ ಎಲ್ಲದರ ಬಾಗಿಲೂ ಮುಚ್ಚಿತ್ತು. ಜೊತೆಗೆ, ಕೇಂದ್ರ ಸರ್ಕಾರದ ನೇರ ಅಧೀನದ ನಗರವಾದ್ದರಿಂದ ವಾಷಿಂಗ್ಟನ್‌ನಲ್ಲಿ ಕಪ್ಪು ಶಿಕ್ಷಕರಿಗೂ ಬಿಳಿಯರಷ್ಟೇ ಸಂಬಳವಿತ್ತು. ದಕ್ಷಿಣದ ಬೇರೆ ನಗರಗಳಲ್ಲಿ ಅದು ಕನಸಿನ ಮಾತು.

ಅಲ್ಲೂ ಅಧಿಕಾರ ಕಳೆದುಕೊಂಡದ್ದನ್ನು ನೋಡಿ. 1868ರಿಂದ 1900ರವರೆಗೆ ಕಪ್ಪು ಶಾಲೆಗಳಿಗೆ ಜಾರ್ಜ್ ಕುಕ್ ಎಂಬ ಕಪ್ಪು ಸೂಪರಿಂಟೆಂಡೆಂಟ್ ಇದ್ದರು. 1900ರಲ್ಲಿ ಆಡಳಿತವನ್ನು ಮರುರಚಿಸಿ, ಇಡೀ ನಗರಕ್ಕೆ ಒಬ್ಬರೇ ಸೂಪರಿಂಟೆಂಡೆಂಟ್ ಎಂದು ಮಾಡಿ, ಕಪ್ಪು ಶಾಲೆಗಳ ಹೊಣೆಯನ್ನು ಸಹಾಯಕ ಹುದ್ದೆಗೆ ಇಳಿಸಿದರು. 1902ರಲ್ಲಿ ಎಂ ಸ್ಟ್ರೀಟ್ ಶಾಲೆಯ ಮುಖ್ಯಸ್ಥೆಯಾದ ಆ್ಯನಾ ಜೂಲಿಯಾ ಕೂಪರ್ ಮಕ್ಕಳಿಗೆ ಲ್ಯಾಟಿನ್, ಗಣಿತ ಕಲಿಸಿ ದೊಡ್ಡ ಕಾಲೇಜುಗಳಿಗೆ ಕಳಿಸುತ್ತಿದ್ದರು. ಪಠ್ಯವನ್ನು ಕೈಕಸುಬಿನ ಮಟ್ಟಕ್ಕೆ ಇಳಿಸಲು ಒಪ್ಪದೆ ಮೇಲಧಿಕಾರಿಯೊಡನೆ ಜಟಾಪಟಿಯಾಗಿ, 1906ರಲ್ಲಿ ಅವರಿಗೆ ಮರುನೇಮಕ ಸಿಗಲಿಲ್ಲ. 1910ರಲ್ಲಿ ಲ್ಯಾಟಿನ್ ಶಿಕ್ಷಕಿಯಾಗಿ ಅದೇ ಶಾಲೆಗೆ ಮರಳಿದರು, 1925ರಲ್ಲಿ ಪ್ಯಾರಿಸಿನ ಸೋರ್ಬಾನ್‌ನಿಂದ ಡಾಕ್ಟರೇಟ್ ಪಡೆದರು. ಬ್ರೌನ್ ಮೊಕದ್ದಮೆಗೆ ಕಾನೂನಿನ ದಾರಿ ಸವೆಸಿದ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಓದಿದ್ದೂ ಈ ಎಂ ಸ್ಟ್ರೀಟ್ ಶಾಲೆಯಲ್ಲೇ.

ಕಪ್ಪು ಮಕ್ಕಳ ಶಾಲೆಯೆಂದರೆ ಕಪ್ಪು ಶಿಕ್ಷಕರೇ ಇದ್ದರು ಎಂದೂ ತಿಳಿಯಬೇಡಿ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಕಪ್ಪು ಸರ್ಕಾರಿ ಶಾಲೆಗಳಲ್ಲಿ 1919ರವರೆಗೂ ಬಿಳಿಯ ಶಿಕ್ಷಕರೇ ಇದ್ದರು. ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದ ಮೇಲೆ 1920ರಲ್ಲಿ ಆ ಹುದ್ದೆಗಳು ತೆರೆದವು. ಉತ್ತರದಲ್ಲಿ ವರಸೆ ಬೇರೆ. ಫಿಲಡೆಲ್ಫಿಯಾದಲ್ಲಿ ಶಿಕ್ಷಕ ಅಭ್ಯರ್ಥಿಗಳ ಅರ್ಹತಾ ಪಟ್ಟಿಗಳೇ ಎರಡಿದ್ದವು, ಬಿಳಿಯರದೊಂದು, ಕಪ್ಪು ಜನರದೊಂದು. ಎರಡನೇ ಪಟ್ಟಿಯವರಿಗೆ ಕಪ್ಪು ಮಕ್ಕಳ ಪ್ರಾಥಮಿಕ ಶಾಲೆ ಮಾತ್ರ. ಪಟ್ಟಿಗಳು ಒಂದಾದದ್ದು 1937ರಲ್ಲಿ. ಅದಾದ ಮೇಲೂ ಹೈಸ್ಕೂಲಿನಲ್ಲಿ ಕಪ್ಪು ಶಿಕ್ಷಕಿಯೊಬ್ಬರು, ರೂತ್ ರೈಟ್ ಹೇರ್, ಕಾಯಂ ಆಗಲು 1946 ಬರಬೇಕಾಯಿತು. ಷಿಕಾಗೊದಲ್ಲಿ ಮೊದಲ ಕಪ್ಪು ಮುಖ್ಯಶಿಕ್ಷಕಿ ಮಾಡೆಲ್ ಬೌಸ್‌ಫೀಲ್ಡ್, 1928ರಲ್ಲಿ. ನ್ಯೂಯಾರ್ಕ್‌ನಲ್ಲಿ ಸಾರಾ ಗಾರ್ನೆಟ್ 1863ರಷ್ಟು ಹಿಂದೆಯೇ ಕಪ್ಪು ಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದರು. ಇಂದಿನ ವಿಸ್ತೃತ ನಗರ ರೂಪುಗೊಂಡ ಮೇಲೆ ಆ ಹುದ್ದೆಗೇರಿದ ಮೊದಲ ಕಪ್ಪು ಮಹಿಳೆ ಗರ್ಟ್ರೂಡ್ ಏಯರ್, 1930ರ ದಶಕದ ನಡುವೆ, ಹಾರ್ಲೆಮ್‌ನಲ್ಲಿ. ಎಪ್ಪತ್ತು ವರ್ಷದಲ್ಲಿ ಮುಂದೆ ಬಂದದ್ದು ಅಷ್ಟೇ ಅಂತರ.

ಇನ್ನು ಸಂಬಳ. ದಕ್ಷಿಣದ ನಗರಗಳಲ್ಲಿ ಒಂದೇ ವಿದ್ಯಾರ್ಹತೆಗೆ ಎರಡು ವೇತನಶ್ರೇಣಿಗಳಿದ್ದವು. ವರ್ಜೀನಿಯಾದ ನಾರ್ಫಕ್‌ನಲ್ಲಿ ಮೊದಲು ಮೊಕದ್ದಮೆ ಹೂಡಿದ ಶಿಕ್ಷಕಿಯ ಗುತ್ತಿಗೆಯನ್ನು 1939ರಲ್ಲಿ ನವೀಕರಿಸಲಿಲ್ಲ, ಪ್ರಕರಣವೂ ಬಿತ್ತು. ಅದೇ ಊರಿನ ಶಿಕ್ಷಕ ಮೆಲ್ವಿನ್ ಆಲ್ಸ್‌ಟನ್ ಹೆಸರಿನಲ್ಲಿ ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ವಕೀಲ ಥರ್ಗುಡ್ ಮಾರ್ಷಲ್ ಮತ್ತವರ ತಂಡ 1940ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು: ಬಣ್ಣದ ಮೇಲೆ ಸಂಬಳ ಕೊಡುವುದು ಸಂವಿಧಾನಬಾಹಿರ. ಗೆಲುವು ದೊಡ್ಡದು. ಆದರೆ ದಕ್ಷಿಣ ಕೆರೊಲಿನಾ 1945ರಲ್ಲಿ ರಾಷ್ಟ್ರೀಯ ಶಿಕ್ಷಕ ಪರೀಕ್ಷೆಯ ಅಂಕಕ್ಕೆ ಸಂಬಳವನ್ನು ಗಂಟುಹಾಕಿತು. ಬಣ್ಣದ ಹೆಸರು ಕಡತದಿಂದ ಹೋಯಿತು, ಅಂಕದ ಹೆಸರು ಬಂತು. ದಶಕಗಳ ಕಾಲ ಕಡಿಮೆ ಹಣ, ಕಡಿಮೆ ಪುಸ್ತಕ ಕೊಟ್ಟ ಶಾಲೆಗಳಲ್ಲಿ ಓದಿ ಬಂದವರು ಆ ಪರೀಕ್ಷೆಯಲ್ಲಿ ಕೆಳಗುಳಿಯುತ್ತಾರೆಂಬುದು ಗೊತ್ತಿದ್ದ ವಿಷಯವೇ. ಈ ತಿರುವನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ನ್ಯೂಯಾರ್ಕ್‌ನಲ್ಲಿ ಮತ್ತೆ ಎದುರಾಗುತ್ತದೆ.

ಈಗ 1954ಕ್ಕೆ ಬರೋಣ. ಬ್ರೌನ್ ಮೊಕದ್ದಮೆ ಹುಟ್ಟಿದ ಊರು ಕ್ಯಾನ್ಸಸ್ ರಾಜ್ಯದ ಟೊಪೀಕಾ. ತೀರ್ಪು ಬರುವುದಕ್ಕೆ ಒಂದು ವರ್ಷ ಮೊದಲೇ, 1953ರ ಮಾರ್ಚ್‌ನಲ್ಲಿ, ಅಲ್ಲಿನ ಸೂಪರಿಂಟೆಂಡೆಂಟ್ ಕಪ್ಪು ಶಿಕ್ಷಕಿಯೊಬ್ಬರಿಗೆ ಪತ್ರ ಬರೆದರು. ಮುಂದಿನ ವರ್ಷಕ್ಕೆ ಈಗ ಕೆಲಸ ಕೊಡಲಾಗುವುದಿಲ್ಲ. ಪ್ರತ್ಯೇಕತೆ ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿದರೆ, ಬಿಳಿ ಮಕ್ಕಳಿಗೆ ಕಪ್ಪು ಶಿಕ್ಷಕರನ್ನು ಇಡುವುದು ಊರಿನ ಬಹುಪಾಲು ಜನಕ್ಕೆ ಬೇಕಿರುವುದಿಲ್ಲ ಎಂಬ ಎಣಿಕೆಯ ಮೇಲೆಯೇ ಮಂಡಳಿ ಮುಂದುವರಿಯುತ್ತದೆ ಎಂಬುದು ಅದರ ಸಾರ. ಆಮೇಲೆ ದಕ್ಷಿಣದ ಮತ್ತು ಉತ್ತರ–ದಕ್ಷಿಣಗಳ ಗಡಿಯ ಹದಿನೇಳು ರಾಜ್ಯಗಳಲ್ಲಿ ನಡೆದದ್ದರ ನೀಲನಕ್ಷೆ ಆ ಒಂದು ಪುಟದಲ್ಲಿದೆ.

ಕೆಲಸ ಹೋದ ಬಗೆ ಹೀಗೆ. ಒಂದು ಊರಿನಲ್ಲಿ ಎರಡು ಶಾಲೆ, ಒಂದು ಬಿಳಿಯರದು, ಒಂದು ಕಪ್ಪು ಜನರದು. ವಿಲೀನ ಮಾಡಿ ಎಂದಾಗ ಮುಚ್ಚಿದ್ದು ಬಹುಮಟ್ಟಿಗೆ ಕಪ್ಪು ಶಾಲೆಯನ್ನು. ಮಕ್ಕಳು ಬಿಳಿ ಶಾಲೆಗೆ ಹೋದರು, ಹುದ್ದೆಗಳು ಹೋಗಲಿಲ್ಲ. ಒಂದು ಶಾಲೆಗೆ ಇಬ್ಬರು ಮುಖ್ಯಶಿಕ್ಷಕರು ಬೇಡವೆಂದು ಕಪ್ಪು ಮುಖ್ಯಶಿಕ್ಷಕರನ್ನು ಸಹಾಯಕರಾಗಿ, ತರಗತಿ ಶಿಕ್ಷಕರಾಗಿ, ಕೆಲವೆಡೆ ಹೆಸರಿಗಷ್ಟೇ ಇದ್ದ ‘ಸಂಯೋಜಕ’ ಹುದ್ದೆಗೆ ಇಳಿಸಿದರು. ಶಿಕ್ಷಕರಿಗೆ ವಜಾ ಆದೇಶವೂ ಬೇಕಿರಲಿಲ್ಲ; ಒಂದು ವರ್ಷದ ಗುತ್ತಿಗೆಯನ್ನು ನವೀಕರಿಸದೆ ಬಿಟ್ಟರೆ ಸಾಕಾಗುತ್ತಿತ್ತು. ಮಿಸೌರಿಯ ಮೋಬರ್ಲಿ ಎಂಬ ಊರಿನಲ್ಲಿ ಹನ್ನೊಂದು ಕಪ್ಪು ಶಿಕ್ಷಕರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ಅವರು ಕೋರ್ಟಿಗೆ ಹೋದರು. 1959ರಲ್ಲಿ ಮೇಲ್ಮನವಿ ನ್ಯಾಯಾಲಯ, ಅರ್ಹತೆ ತೂಗುವುದು ಮಂಡಳಿಯ ವಿವೇಚನೆ ಎಂದು ಅವರ ವಿರುದ್ಧ ತೀರ್ಪು ಕೊಟ್ಟಿತು. ದಕ್ಷಿಣ ಕೆರೊಲಿನಾ 1956ರಲ್ಲಿ ಇನ್ನೊಂದು ಅಸ್ತ್ರ ತೆಗೆಯಿತು: ಎನ್‌ಎಎಸಿಪಿ ಸದಸ್ಯರಿಗೆ ಸರ್ಕಾರಿ ಕೆಲಸವಿಲ್ಲ. ಸದಸ್ಯತ್ವ ಬಿಡಲೊಪ್ಪದ ಸೆಪ್ಟಿಮಾ ಕ್ಲಾರ್ಕ್ ಚಾರ್ಲ್ಸ್‌ಟನ್‌ನಲ್ಲಿ ಕೆಲಸ ಕಳೆದುಕೊಂಡರು. 1919ರಲ್ಲಿ ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದವರಲ್ಲಿ ಅವರೂ ಒಬ್ಬರು.

1954ರಿಂದ 1965ರ ನಡುವೆ ಹದಿನೇಳು ದಕ್ಷಿಣ ಮತ್ತು ಗಡಿ ರಾಜ್ಯಗಳಲ್ಲಿ ಕೆಲಸ ಕಳೆದುಕೊಂಡ ಕಪ್ಪು ಶಿಕ್ಷಕರು, ಮುಖ್ಯಶಿಕ್ಷಕರ ಸಂಖ್ಯೆ ಸುಮಾರು 38,000 ಎಂದು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ಅದು ಅಂದಾಜು ಎಂದು ಬರೆಯಿರಿ. ಜೊತೆಗೆ ಅದರಲ್ಲಿ ಹಳ್ಳಿ, ಪಟ್ಟಣ, ನಗರ ಎಲ್ಲ ಸೇರಿವೆ. ಉತ್ತರದ ನಗರಗಳು ಸೇರಿಲ್ಲ. ಈ ಸಂಖ್ಯೆಯನ್ನು ಷಿಕಾಗೊಗೋ ನ್ಯೂಯಾರ್ಕ್‌ಗೋ ಅಂಟಿಸುವುದು ವಿದ್ಯಾರ್ಥಿ ಪ್ರಬಂಧಗಳಲ್ಲಿ ಪದೇಪದೇ ಕಾಣುವ ತಪ್ಪು. ತೆಗೆಯುವುದಿದ್ದರೆ ಬಣ್ಣ ನೋಡದ, ವಸ್ತುನಿಷ್ಠ ಮಾನದಂಡದ ಮೇಲೆ ಎಲ್ಲರನ್ನೂ ಹೋಲಿಸಿಯೇ ತೆಗೆಯಬೇಕು ಎಂಬ ನಿಯಮ ನ್ಯಾಯಾಲಯದಿಂದ ಬಂದದ್ದು ಮಿಸಿಸಿಪಿಯ ಜಾಕ್ಸನ್ ನಗರದ ಸಿಂಗಲ್‌ಟನ್ ಪ್ರಕರಣದಲ್ಲಿ, 1969ರ ಕೊನೆಗೆ. ಅಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು. ಕಪ್ಪು ಶಿಕ್ಷಕರ ಪರವಾಗಿ ಮಾತಾಡುತ್ತಿದ್ದ ಅಮೆರಿಕನ್ ಟೀಚರ್ಸ್ ಅಸೋಸಿಯೇಷನ್ ಕೂಡ 1966ರಲ್ಲಿ ದೊಡ್ಡ ರಾಷ್ಟ್ರೀಯ ಸಂಘದೊಳಗೆ ವಿಲೀನವಾಗಿತ್ತು.

ಉತ್ತರದ ನಗರಗಳಲ್ಲಿ ಪ್ರತ್ಯೇಕ ಶಾಲೆಯ ಕಾನೂನಿರಲಿಲ್ಲ. ಅಲ್ಲಿ ಆ ಕೆಲಸವನ್ನು ಪರೀಕ್ಷೆ ಮಾಡುತ್ತಿತ್ತು. ನ್ಯೂಯಾರ್ಕ್‌ನಲ್ಲಿ 1898ರಿಂದಲೂ ಪರೀಕ್ಷಕರ ಮಂಡಳಿ ಎಂಬ ಸ್ವತಂತ್ರ ಸಂಸ್ಥೆಯಿತ್ತು. ರಾಜಕಾರಣಿಗಳ ಶಿಫಾರಸು ತಡೆಯಲೆಂದೇ ಹುಟ್ಟಿದ್ದು, ಉದ್ದೇಶ ಒಳ್ಳೆಯದೇ. ಮುಖ್ಯಶಿಕ್ಷಕರಾಗಬೇಕೆಂದರೆ ಕ್ರಮ ಹೀಗಿತ್ತು: ನಿಗದಿತ ವರ್ಷಗಳ ಸೇವೆ, ಲಿಖಿತ ಪರೀಕ್ಷೆ, ಮೌಖಿಕ ಸಂದರ್ಶನ, ಸೇವಾ ದಾಖಲೆಯ ಪರಿಶೀಲನೆ, ಆಮೇಲೆ ಅರ್ಹತಾ ಪಟ್ಟಿ. ಪಟ್ಟಿಯಲ್ಲಿದ್ದವರಿಗಷ್ಟೇ ಲೈಸೆನ್ಸ್, ಲೈಸೆನ್ಸ್ ಇದ್ದವರಿಗಷ್ಟೇ ಹುದ್ದೆ. ಪರೀಕ್ಷೆಗೆ ತಯಾರಿ ಕೊಡುವ ಕೋಚಿಂಗ್, ಹಿರಿಯರ ಪರಿಚಯ, ಸಹಾಯಕ ಹುದ್ದೆಯ ಅನುಭವ ಇವೆಲ್ಲ ಈಗಾಗಲೇ ಒಳಗಿದ್ದವರ ಬಳಗದಲ್ಲೇ ಸುತ್ತುತ್ತಿದ್ದವು. ಪ್ರಶ್ನೆಗಳ ಮಾದರಿ ನ್ಯಾಯಾಲಯದ ದಾಖಲೆಯಲ್ಲೇ ಉಳಿದಿದೆ. ಇಟಲಿಯ ಕ್ರೆಮೋನಾ ಊರಿನ ಮೂವರು ಮಹಾನ್ ಪಿಟೀಲು ತಯಾರಕರ ಸಾಲಿಗೆ ಸೇರದವನು ಯಾರು? ಇಂಗ್ಲಿಷ್ ಶಿಶುಗೀತೆಗಳಲ್ಲಿ ಒಬ್ಬ ಮಾಡಿದ ತಪ್ಪಿಗೆ ಇನ್ನೊಬ್ಬ ಪೆಟ್ಟು ತಿಂದದ್ದು ಯಾವುದರಲ್ಲಿ? ಬ್ರೂಕ್ಲಿನ್ನಿನ ಸಾವಿರ ಮಕ್ಕಳ ಶಾಲೆ ನಡೆಸುವವರು ಯಾರೆಂದು ಇವು ನಿರ್ಧರಿಸುತ್ತಿದ್ದವು.

1970ರಲ್ಲಿ ಬಾಸ್ಟನ್ ಚಾನ್ಸ್ ಎಂಬ ಕಪ್ಪು ಆಡಳಿತಗಾರ ಮತ್ತು ಲೂಯಿಸ್ ಮರ್ಕಾಡೊ ಎಂಬ ಪೋರ್ಟೊರಿಕನ್ (ಕೆರಿಬಿಯನ್ ದ್ವೀಪ ಪೋರ್ಟೊರಿಕೊ ಮೂಲದ) ಆಡಳಿತಗಾರ ಇದರ ಮೇಲೆ ಮೊಕದ್ದಮೆ ಹೂಡಿದರು. ಇಬ್ಬರೂ ಅದಾಗಲೇ ಹಂಗಾಮಿಯಾಗಿ ಶಾಲೆ ನಡೆಸುತ್ತಿದ್ದವರು, ಲೈಸೆನ್ಸ್ ಮಾತ್ರ ಇರಲಿಲ್ಲ. ನಗರದ ಸುಮಾರು ಸಾವಿರ ಲೈಸೆನ್ಸ್‌ದಾರ ಮುಖ್ಯಶಿಕ್ಷಕರಲ್ಲಿ ಕಪ್ಪು ಜನ ಹನ್ನೊಂದು, ಪೋರ್ಟೊರಿಕನ್ ಒಬ್ಬರು ಎಂಬ ಲೆಕ್ಕ ಕೋರ್ಟಿನ ಮುಂದೆ ಬಂತು. ಅದೇ ಹೊತ್ತಿಗೆ ಇಂಥ ಮಂಡಳಿಯಿಲ್ಲದ ಡೆಟ್ರಾಯ್ಟ್, ಫಿಲಡೆಲ್ಫಿಯಾಗಳಲ್ಲಿ ಕಪ್ಪು ಮುಖ್ಯಶಿಕ್ಷಕರು ಶೇ. 16ಕ್ಕಿಂತ ಹೆಚ್ಚಿದ್ದರು. ಬಿಳಿ ಅಭ್ಯರ್ಥಿಗಳ ತೇರ್ಗಡೆ ಪ್ರಮಾಣ ಉಳಿದವರದಕ್ಕಿಂತ ಸುಮಾರು ಒಂದೂವರೆ ಪಟ್ಟು. ಪರೀಕ್ಷೆಗೂ ಹುದ್ದೆಯ ಕೆಲಸಕ್ಕೂ ಇರುವ ಸಂಬಂಧವನ್ನು ಮಂಡಳಿ ತೋರಿಸಲಾಗಲಿಲ್ಲ. 1971ರಲ್ಲಿ ಪರೀಕ್ಷೆಗೆ ತಡೆ ಬಿತ್ತು, 1972ರಲ್ಲಿ ಮೇಲ್ಮನವಿಯಲ್ಲೂ ಅದು ನಿಂತಿತು.

ಈ ಮೊಕದ್ದಮೆಗೆ ತುಸು ಮುಂಚೆ ಆದದ್ದೇ ಓಷನ್ ಹಿಲ್–ಬ್ರೌನ್ಸ್‌ವಿಲ್ ಜಗಳ. ಬ್ರೂಕ್ಲಿನ್ನಿನ ಈ ಬಡ ಪ್ರದೇಶದ ಎಂಟು ಶಾಲೆಗಳನ್ನು 1967ರಲ್ಲಿ ಪ್ರಾಯೋಗಿಕವಾಗಿ ಸ್ಥಳೀಯ ಮಂಡಳಿಗೆ ಒಪ್ಪಿಸಿದರು. ಆಡಳಿತಗಾರ ರೋಡಿ ಮೆಕಾಯ್ ಪರೀಕ್ಷಾ ಪಟ್ಟಿಯ ಹೊರಗಿಂದ ಮುಖ್ಯಶಿಕ್ಷಕರನ್ನು ತಂದರು. ನಗರದ ಮೊದಲ ಪೋರ್ಟೊರಿಕನ್ ಮುಖ್ಯಶಿಕ್ಷಕ ಲೂಯಿಸ್ ಫ್ಯುಯೆಂಟೆಸ್ ಹಾಗೆ ಬಂದವರು. 1968ರ ಮೇ 9ರಂದು ಸ್ಥಳೀಯ ಮಂಡಳಿ 19 ಮಂದಿ ಶಿಕ್ಷಕರು ಮತ್ತು ಆಡಳಿತಗಾರರಿಗೆ ಇಲ್ಲಿ ನಿಮ್ಮ ಕೆಲಸ ಮುಗಿಯಿತು ಎಂದು ಪತ್ರ ಕೊಟ್ಟಿತು. ವಿಚಾರಣೆಯಿಲ್ಲದೆ ತೆಗೆಯುವಂತಿಲ್ಲ ಎಂದು ಆಲ್ಬರ್ಟ್ ಶ್ಯಾಂಕರ್ ನೇತೃತ್ವದ ಶಿಕ್ಷಕರ ಸಂಘ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೂರು ಸಲ ಮುಷ್ಕರ ಹೂಡಿತು. 36 ಶಾಲಾ ದಿನ, ಸುಮಾರು ಹತ್ತು ಲಕ್ಷ ಮಕ್ಕಳ ಪಾಠ ನಿಂತಿತು. ಸಂಘದಲ್ಲಿ ಯಹೂದಿ ಶಿಕ್ಷಕರು ಬಹಳವಿದ್ದರು, ಅವರಿಗೂ ಒಂದು ಕಾಲದಲ್ಲಿ ಬೇರೆ ಕೆಲಸಗಳ ಬಾಗಿಲು ಮುಚ್ಚಿದಾಗ ಪರೀಕ್ಷೆಯೇ ಏಣಿಯಾಗಿತ್ತು. ಹಾಗಾಗಿ ಆ ಏಣಿಯನ್ನು ಪಕ್ಷಪಾತ ಎಂದಾಗ ಅವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಎರಡೂ ಕಡೆಯವರ ವಾದದಲ್ಲಿ ನ್ಯಾಯವಿತ್ತು. ನನ್ನ ಅಭಿಪ್ರಾಯದಲ್ಲಿ ತಪ್ಪು ಮುಖ್ಯವಾಗಿ ನಗರದ ಶಿಕ್ಷಣ ಮಂಡಳಿಯದು: ಸ್ಥಳೀಯರಿಗೆ ಹೊಣೆ ಕೊಟ್ಟಿತು, ನೇಮಿಸುವ ಮತ್ತು ತೆಗೆಯುವ ಅಧಿಕಾರ ಯಾರದೆಂದು ಬರೆದು ಕೊಡಲಿಲ್ಲ. 1969ರ ಕಾನೂನು ನಗರವನ್ನು ಸಮುದಾಯ ಜಿಲ್ಲೆಗಳಾಗಿ ಒಡೆಯಿತು, ಅವು ಕೊನೆಗೆ 32 ಆದವು. ಪ್ರಯೋಗ ಮಾತ್ರ ಮುಗಿದುಹೋಯಿತು.

ಷಿಕಾಗೊದಲ್ಲೂ ಸಂದರ್ಶನದ ಹಂತದಲ್ಲೇ ಕಪ್ಪು ಶಿಕ್ಷಕರನ್ನು ಕೆಡವುತ್ತಿದ್ದರು. ಹಾಗೆ ಉಳಿದವರು ಪೂರ್ತಿ ತರಗತಿ ತೆಗೆದುಕೊಂಡರೂ ವರ್ಷಗಟ್ಟಲೆ ‘ಪೂರ್ಣಾವಧಿ ಬದಲಿ ಶಿಕ್ಷಕರು’, ಸೇವಾಭದ್ರತೆ ಇಲ್ಲ. ಅವರೇ 1968ರಲ್ಲಿ ಸಂಘದ ಒಪ್ಪಿಗೆಯನ್ನೂ ಕಾಯದೆ ಮುಷ್ಕರಕ್ಕಿಳಿದರು.

ಸೂಪರಿಂಟೆಂಡೆಂಟ್ ಹುದ್ದೆಗೆ ಕಪ್ಪು ಜನ ಸಾಲಾಗಿ ಬಂದದ್ದು 1970ರ ದಶಕದಲ್ಲಿ. ಓಕ್ಲೆಂಡ್‌ಗೆ 1970ರಲ್ಲಿ ಮಾರ್ಕಸ್ ಫಾಸ್ಟರ್, ಬಾಲ್ಟಿಮೋರ್‌ಗೆ 1971ರಲ್ಲಿ ರೋಲಂಡ್ ಪ್ಯಾಟರ್ಸನ್, ಅಟ್ಲಾಂಟಾಗೆ 1973ರಲ್ಲಿ ಅಲೊಂಜೊ ಕ್ರಿಮ್, ಅದೇ ವರ್ಷ ವಾಷಿಂಗ್ಟನ್‌ಗೆ ಬಾರ್ಬರಾ ಸೈಜ್‌ಮೋರ್. ಸೈಜ್‌ಮೋರ್ ದೊಡ್ಡ ನಗರವೊಂದರ ಶಾಲಾ ವ್ಯವಸ್ಥೆಯ ಚುಕ್ಕಾಣಿ ಹಿಡಿದ ಮೊದಲ ಕಪ್ಪು ಮಹಿಳೆ; ಎರಡೇ ವರ್ಷದಲ್ಲಿ ಮಂಡಳಿಯೊಡನೆ ಮುರಿದುಕೊಂಡು ಹೋಗಬೇಕಾಯಿತು. ಫಿಲಡೆಲ್ಫಿಯಾದಲ್ಲಿ ಸೈಮನ್ ಗ್ರಾಟ್ಜ್ ಹೈಸ್ಕೂಲನ್ನು ಮೇಲೆತ್ತಿ ಹೆಸರು ಮಾಡಿದ್ದ ಫಾಸ್ಟರ್, ಓಕ್ಲೆಂಡ್‌ನಲ್ಲಿ ಮುಖ್ಯಶಿಕ್ಷಕರ ಆಯ್ಕೆಯಲ್ಲಿ ಪೋಷಕರಿಗೂ ಪಾತ್ರ ಕೊಟ್ಟರು. 1973ರ ನವೆಂಬರ್ 6ರಂದು ಸಿಂಬಯೊನೀಸ್ ಲಿಬರೇಷನ್ ಆರ್ಮಿ ಎಂಬ ಉಗ್ರ ಗುಂಪು ಅವರನ್ನು ಗುಂಡಿಟ್ಟು ಕೊಂದಿತು. ಫಾಸ್ಟರ್ ಶಾಲೆಗಳಲ್ಲಿ ಗುರುತಿನ ಚೀಟಿ ತರುತ್ತಾರೆಂಬುದು ಆ ಗುಂಪಿನ ಆಪಾದನೆ.

ಅಟ್ಲಾಂಟಾದ ಕಥೆಗೆ ನಮ್ಮ ಮೈಸೂರಿನ ನಂಟಿದೆ. ಅಲ್ಲಿನ ಶಾಲಾ ಮಂಡಳಿಗೆ 1970ರಲ್ಲಿ ಅಧ್ಯಕ್ಷರಾದವರು ಬೆಂಜಮಿನ್ ಮೇಸ್, ಮಾರ್ಟಿನ್ ಲೂಥರ್ ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿನ ಹಿಂದಿನ ಅಧ್ಯಕ್ಷರು. ಅವರು 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಆಗ ಅಸ್ಪೃಶ್ಯರೆನಿಸಿಕೊಂಡ ಮಕ್ಕಳ ಶಾಲೆಯೊಂದರ ಮುಖ್ಯಶಿಕ್ಷಕರು ಅವರನ್ನು ಕರೆದೊಯ್ದು, ಇವರೂ ತಮ್ಮ ದೇಶದ ಅಸ್ಪೃಶ್ಯರೇ, ಆದರೂ ಇಷ್ಟು ದೊಡ್ಡವರಾಗಿದ್ದಾರೆ ಎಂದು ಮಕ್ಕಳಿಗೆ ಪರಿಚಯಿಸಿದರು. ಮೊದಲಿಗೆ ಮೇಸ್ ಬೆಚ್ಚಿಬಿದ್ದರು. ಯೋಚಿಸಿದಾಗ ಮಾತು ಸರಿಯೆನಿಸಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮೇಸ್ ಅಧ್ಯಕ್ಷರಾಗಿದ್ದಾಗಲೇ, 1973ರಲ್ಲಿ, ‘ಅಟ್ಲಾಂಟಾ ರಾಜಿ’ ಆಯಿತು. ಮಕ್ಕಳನ್ನು ಬಸ್ಸಿನಲ್ಲಿ ಊರ ಆ ತುದಿಯಿಂದ ಈ ತುದಿಗೆ ಸಾಗಿಸಿ ಬೆರೆಸಬೇಕೆಂಬ ಬೇಡಿಕೆಯನ್ನು ಎನ್‌ಎಎಸಿಪಿಯ ಸ್ಥಳೀಯ ಶಾಖೆ ಬಹುತೇಕ ಕೈಬಿಟ್ಟಿತು. ಬದಲಿಗೆ ಪಡೆದದ್ದು ಕಪ್ಪು ಸೂಪರಿಂಟೆಂಡೆಂಟ್ ಮತ್ತು ಆಡಳಿತ ಹುದ್ದೆಗಳಲ್ಲಿ ಅರ್ಧ ಪಾಲು. ಸಂಘಟನೆಯ ರಾಷ್ಟ್ರೀಯ ನಾಯಕತ್ವ ಕೆಂಡಾಮಂಡಲವಾಗಿ ಸ್ಥಳೀಯ ಅಧ್ಯಕ್ಷ ಲಾನಿ ಕಿಂಗ್ ಅವರನ್ನು ಅಮಾನತು ಮಾಡಿತು. ಸ್ಥಳೀಯರ ಲೆಕ್ಕ ಸರಳ. ಬಿಳಿಯರು ಉಪನಗರಗಳಿಗೆ ಹೋಗಿ ಶಾಲೆಗಳಲ್ಲಿ ಬಹುಪಾಲು ಕಪ್ಪು ಮಕ್ಕಳೇ ಉಳಿದಿದ್ದರು. ಬೆರೆಸಲು ಬಿಳಿ ಮಕ್ಕಳೇ ಇಲ್ಲದಾಗ ನೇಮಕದ ಅಧಿಕಾರವಾದರೂ ಕೈಗೆ ಬರಲಿ. ಕ್ರಿಮ್ 1988ರವರೆಗೆ ಹದಿನೈದು ವರ್ಷ ನಡೆಸಿದರು, ಆ ಹುದ್ದೆಯಲ್ಲಿ ಅಷ್ಟು ಕಾಲ ನಿಂತವರು ವಿರಳ.

ಈ ಅಧಿಕಾರ ಸಿಕ್ಕ ಹೊತ್ತನ್ನೂ ಗಮನಿಸಬೇಕು. ಅಮೆರಿಕದ ಶಾಲೆಗಳ ಹಣದಲ್ಲಿ ದೊಡ್ಡದೊಂದು ಪಾಲು ಬರುವುದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಬಿಳಿಯರ ಜೊತೆ ಆ ತೆರಿಗೆಯೂ ಉಪನಗರಕ್ಕೆ ಹೋಯಿತು. ಡೆಟ್ರಾಯ್ಟ್‌ನ ಮಿಲಿಕನ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ, ಉಪನಗರಗಳ ತಪ್ಪು ಸಾಬೀತಾಗದೆ ಮಕ್ಕಳನ್ನು ಬೆರೆಸುವ ಒಂದೇ ಯೋಜನೆಗೆ ಅವುಗಳನ್ನು ನಗರದ ಜೊತೆ ಎಳೆಯುವಂತಿಲ್ಲ ಎಂದಿತು. ಕುರ್ಚಿ ಸಿಕ್ಕಿತು, ಖಜಾನೆ ಗಡಿಯಾಚೆ ಉಳಿಯಿತು. ಕಪ್ಪು ಸೂಪರಿಂಟೆಂಡೆಂಟರು ‘ವಿಫಲರಾದರು’ ಎಂದು ಬರೆಯುವ ಮುನ್ನ ಆ ವರ್ಷಗಳ ಬಜೆಟ್ ನೋಡಿ.

ದುಡ್ಡು ಕಡಿಮೆಯಾದಾಗ ನೌಕರಿ ಕಡಿತ. ಅಲ್ಲಿನ ನಿಯಮ: ಕೊನೆಗೆ ಸೇರಿದವರು ಮೊದಲು ಹೊರಗೆ. ಕಪ್ಪು ಶಿಕ್ಷಕರು ಕೋರ್ಟುಗಳ ಒತ್ತಾಯದಿಂದ ಆಗಷ್ಟೇ ಸೇರಿದವರು, ಹಾಗಾಗಿ ಮೊದಲ ಪೆಟ್ಟು ಅವರಿಗೆ. ನ್ಯೂಯಾರ್ಕ್‌ನ 1975ರ ಹಣಕಾಸು ಬಿಕ್ಕಟ್ಟಿನಲ್ಲಿ ಸಾವಿರಾರು ಶಿಕ್ಷಕರು ಹೋದಾಗ ಆದದ್ದು ಇದೇ. ಬಾಸ್ಟನ್‌ನಲ್ಲಿ ನ್ಯಾಯಾಧೀಶ ಗ್ಯಾರಿಟಿ, ಕಪ್ಪು ಶಿಕ್ಷಕರು ಶೇ. 20 ಆಗುವವರೆಗೆ ಒಬ್ಬ ಬಿಳಿಯರಿಗೆ ಒಬ್ಬ ಕಪ್ಪು ಶಿಕ್ಷಕರಂತೆ ನೇಮಿಸಿ ಎಂದಿದ್ದರು. 1981ರ ಕಡಿತದಲ್ಲೂ ಆ ಪ್ರಮಾಣ ಕಾಯಬೇಕೆಂದಾಗ ಹೆಚ್ಚು ಸೇವಾವಧಿಯ ಬಿಳಿ ಶಿಕ್ಷಕರು ಹೊರಬಿದ್ದರು, ಕಹಿ ಬಹಳ ಕಾಲ ಉಳಿಯಿತು. ಮಿಶಿಗನ್‌ನ ಜಾಕ್ಸನ್ ಊರಿನಲ್ಲಿ ಮಂಡಳಿಯೂ ಸಂಘವೂ ಒಪ್ಪಂದದಲ್ಲೇ ಬರೆದುಕೊಂಡಿದ್ದ ಇಂಥದೇ ರಕ್ಷಣೆಯನ್ನು 1986ರ ವೈಗಂಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನೇಮಕದಲ್ಲಿ ಆದ್ಯತೆ ಕೊಡಬಹುದೇನೋ, ಆದರೆ ಇದ್ದ ಕೆಲಸ ಕಿತ್ತುಕೊಳ್ಳುವುದು ಹೆಚ್ಚಿನ ಹೊರೆ ಎಂಬುದು ಮುಖ್ಯ ಅಭಿಪ್ರಾಯದ ಧಾಟಿ.

ಇಷ್ಟರ ನಡುವೆ ಷಿಕಾಗೊ ಬೇರೆಯದೇ ದಾರಿ ಹಿಡಿಯಿತು. 1988ರ ಕಾನೂನಿನಿಂದ ಪ್ರತಿ ಶಾಲೆಗೂ ಚುನಾಯಿತ ಸ್ಥಳೀಯ ಶಾಲಾ ಮಂಡಳಿ ಬಂತು: ಆರು ಪೋಷಕರು, ಇಬ್ಬರು ಊರಿನವರು, ಇಬ್ಬರು ಶಿಕ್ಷಕರು, ಮುಖ್ಯಶಿಕ್ಷಕರು. ನಮ್ಮ ಎಸ್‌ಡಿಎಂಸಿಯಂತೆ ಕಂಡರೂ ಇದಕ್ಕೊಂದು ನಿಜವಾದ ಹಲ್ಲಿದೆ. ಮುಖ್ಯಶಿಕ್ಷಕರನ್ನು ನಾಲ್ಕು ವರ್ಷದ ಗುತ್ತಿಗೆಯ ಮೇಲೆ ಆರಿಸುವುದು, ವರ್ಷವರ್ಷ ಮೌಲ್ಯಮಾಪನ ಮಾಡುವುದು, ಅವಧಿ ಮುಗಿದಾಗ ಮುಂದುವರಿಸುವುದು ಅಥವಾ ಬಿಡುವುದು, ಎಲ್ಲ ಈ ಮಂಡಳಿಯದೇ. ಮುಖ್ಯಶಿಕ್ಷಕರ ಕಾಯಂ ಸೇವೆ ಅಲ್ಲಿಗೆ ರದ್ದಾಯಿತು. ಕಪ್ಪು ಬಡಾವಣೆಗಳ ಪೋಷಕರ ಕೈಗೆ ನೇಮಕದ ಪತ್ರ ಮೊದಲ ಬಾರಿ ಬಂದದ್ದು ಆಗ. ಕೆಡುವುದು ಎಲ್ಲಿ ಎಂದರೆ, ಚುನಾವಣೆಗೆ ಜನ ನಿಲ್ಲದಿದ್ದಾಗ, ಪೋಷಕ ಸದಸ್ಯರ ಮಕ್ಕಳು ಶಾಲೆ ಬಿಟ್ಟು ಸ್ಥಾನ ಖಾಲಿಯಾದಾಗ, ಅಥವಾ ಶಾಲೆಯನ್ನು ಕೇಂದ್ರ ಕಚೇರಿ ‘ಪರೀಕ್ಷಾವಧಿ’ಗೆ ಹಾಕಿ ಈ ಅಧಿಕಾರ ಮೊಟಕುಗೊಳಿಸಿದಾಗ. 1995ರಲ್ಲಿ ಮೇಯರ್ ಕೈಗೆ ವ್ಯವಸ್ಥೆ ಹೋದ ಮೇಲೆ ಆ ಮೂರನೆಯದು ಹೆಚ್ಚಾಯಿತು.

2000ದ ನಂತರ ಮತ್ತೊಂದು ಅಲೆ. ಫಲಿತಾಂಶ ಕೆಟ್ಟ ಶಾಲೆಯನ್ನು ಮುಚ್ಚು, ಅಥವಾ ಮುಖ್ಯಶಿಕ್ಷಕರಿಂದ ಅಡುಗೆಯವರವರೆಗೆ ಎಲ್ಲರನ್ನೂ ತೆಗೆದು ಬೇಕಾದವರು ಮತ್ತೆ ಅರ್ಜಿ ಹಾಕಲಿ ಎನ್ನು. ಅಂಥ ಶಾಲೆಗಳು ಇದ್ದದ್ದು ಕಪ್ಪು ಬಡಾವಣೆಗಳಲ್ಲಿ, ಕಪ್ಪು ಶಿಕ್ಷಕರು ಇದ್ದದ್ದೂ ಅಲ್ಲೇ. ಷಿಕಾಗೊದಲ್ಲಿ 2000ದ ಸುಮಾರಿಗೆ ಶೇ. 40ರಷ್ಟಿದ್ದ ಕಪ್ಪು ಶಿಕ್ಷಕರು ಮುಂದಿನ ಹದಿನೈದು ವರ್ಷಗಳಲ್ಲಿ ಕಾಲುಭಾಗದ ಆಸುಪಾಸಿಗೆ ಇಳಿದರು. 2013ರ ಮೇ ತಿಂಗಳಲ್ಲಿ ಒಂದೇ ಸಲಕ್ಕೆ ಸುಮಾರು 50 ಶಾಲೆ ಮುಚ್ಚಲು ತೀರ್ಮಾನವಾಯಿತು. ಕೆಲಸ ಕಳೆದುಕೊಂಡವರ ಪರ ಸಂಘ ಹೂಡಿದ ತಾರತಮ್ಯದ ಮೊಕದ್ದಮೆ ವರ್ಷಗಳ ನಂತರ 92.5 ಲಕ್ಷ ಡಾಲರ್‌ಗೆ ರಾಜಿಯಾಯಿತು.

ನ್ಯೂ ಆರ್ಲಿಯನ್ಸ್‌ನಲ್ಲಿ ಇದೇ ಕೆಲಸ ಒಂದೇ ಏಟಿಗೆ ಆಯಿತು. 2005ರ ಕತ್ರಿನಾ ಚಂಡಮಾರುತದ ನಂತರ ರಾಜ್ಯವು ‘ವಿಫಲ ಶಾಲೆ’ ಎನ್ನಲು ಬೇಕಾದ ಅಂಕದ ಗೆರೆಯನ್ನು 60ರಿಂದ 87.4ಕ್ಕೆ ಏರಿಸಿತು. ಗೆರೆ ಏರಿದ್ದರಿಂದ ನೂರಕ್ಕೂ ಹೆಚ್ಚು ಶಾಲೆಗಳು ರಾಜ್ಯದ ವಶಕ್ಕೆ ಬಂದವು, ಸುಮಾರು 7,500 ನೌಕರರ ಕೆಲಸ ಹೋಯಿತು. ವಜಾ ನೋಟಿಸುಗಳು ಹೋದದ್ದು ಪ್ರವಾಹಕ್ಕೆ ಸಿಕ್ಕಿ ಖಾಲಿಯಾಗಿದ್ದ ಮನೆಗಳ ವಿಳಾಸಕ್ಕೆ. ಮರಳಿ ಸೇರಬಯಸಿದ ಅನುಭವಿ ಶಿಕ್ಷಕರಿಗೂ ಮೂಲಭೂತ ಕೌಶಲದ ಪರೀಕ್ಷೆ. ಚಂಡಮಾರುತಕ್ಕೆ ಮುನ್ನ ಶೇ. 71 ಇದ್ದ ಕಪ್ಪು ಶಿಕ್ಷಕರು 2014ರ ಹೊತ್ತಿಗೆ ಅರ್ಧಕ್ಕಿಂತ ತುಸು ಕಡಿಮೆ. ನೌಕರರು ಕೆಳಗಿನ ಕೋರ್ಟುಗಳಲ್ಲಿ ಗೆದ್ದರೂ 2014ರಲ್ಲಿ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಸೋತರು. ಹೊಸ ವ್ಯವಸ್ಥೆಯಲ್ಲಿ ಮಕ್ಕಳ ಅಂಕ ಏರಿದ್ದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆ ಏರಿಕೆಗೆ ಇಷ್ಟು ಜನರನ್ನು ಒಟ್ಟಿಗೆ ತೆಗೆಯುವುದು ಅನಿವಾರ್ಯವಿತ್ತೇ ಎಂಬುದು ಬೇರೆ ಪ್ರಶ್ನೆ.

ಶಿಕ್ಷಕರ ಬಣ್ಣದಿಂದ ಮಕ್ಕಳಿಗೆ ಏನು ವ್ಯತ್ಯಾಸ ಎಂದು ಸೆಮಿನಾರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಟೆನೆಸಿಯಲ್ಲಿ 1980ರ ದಶಕದ ಒಂದು ಪ್ರಯೋಗದಲ್ಲಿ ಮಕ್ಕಳನ್ನೂ ಶಿಕ್ಷಕರನ್ನೂ ತರಗತಿಗಳಿಗೆ ಚೀಟಿ ಎತ್ತಿದಂತೆ ಹಂಚಿದ್ದರು. ಆ ದತ್ತಾಂಶದಲ್ಲಿ, ಮೂರನೇ ತರಗತಿಯೊಳಗೆ ಒಬ್ಬ ಕಪ್ಪು ಶಿಕ್ಷಕರಾದರೂ ಸಿಕ್ಕ ಕಪ್ಪು ಮಕ್ಕಳು ಕಾಲೇಜು ಸೇರುವ ಸಾಧ್ಯತೆ ಶೇ. 13 ಹೆಚ್ಚು. ಇದು ಸಾಪೇಕ್ಷ ಹೆಚ್ಚಳ. ನೂರರಲ್ಲಿ ಹದಿಮೂರು ಮಕ್ಕಳು ಹೆಚ್ಚು ಸೇರಿದರು ಎಂದು ಬರೆದರೆ ತಪ್ಪು. ಮಿಸೌರಿ ಮತ್ತು ಟೆನೆಸಿಯ ಇನ್ನೊಂದು ಅಧ್ಯಯನ, ಕಪ್ಪು ಮುಖ್ಯಶಿಕ್ಷಕರು ಬಂದ ಶಾಲೆಯಲ್ಲಿ ಕಪ್ಪು ಶಿಕ್ಷಕರ ಪಾಲು ಸರಾಸರಿ ಎರಡು ಶೇಕಡಾ ಅಂಶದಷ್ಟು ಏರುತ್ತದೆ ಎಂದು ತೋರಿಸಿದೆ. ನೇಮಕ ಯಾರ ಕೈಯಲ್ಲಿ ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಡ. ಅಂದಹಾಗೆ, 1988ರಲ್ಲಿ ಕೈಯಲ್ಲಿ ಬೇಸ್‌ಬಾಲ್ ಬ್ಯಾಟ್ ಹಿಡಿದು ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದ, ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಕಪ್ಪು ಪ್ರಿನ್ಸಿಪಾಲ್ ಜೋ ಕ್ಲಾರ್ಕ್ ಅವರ ಚಿತ್ರವನ್ನು ಸ್ಲೈಡಿಗೆ ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಅದೇ ಕಾಲದಲ್ಲಿ ಫಿಲಡೆಲ್ಫಿಯಾದ ಶಾಲಾ ಬಜೆಟ್ಟನ್ನು ಸಾಲದಿಂದ ಮೇಲೆತ್ತಿ ಹನ್ನೊಂದು ವರ್ಷ ಶಾಲೆಗಳನ್ನು ನಡೆಸಿದ ಸೂಪರಿಂಟೆಂಡೆಂಟ್ ಕಾನ್‌ಸ್ಟನ್ಸ್ ಕ್ಲೇಟನ್ ಅವರಿಂದ ಕಲಿಯುವುದು ಹೆಚ್ಚಿದೆ.

ನಗರದ ಆಯ್ಕೆಗೆ ಬಂದರೆ, ಒಂದೇ ಅವಧಿಯಲ್ಲಿ ಮುಗಿಸಬೇಕಿದ್ದರೆ ಅಟ್ಲಾಂಟಾ ತೆಗೆದುಕೊಳ್ಳಿ. ರಾಜಿಯ ವಿವರ ಖಚಿತವಾಗಿದೆ, ಪಾತ್ರಗಳು ಕಡಿಮೆ, ಮೇಸ್ ಅವರ ಮೈಸೂರು ಭೇಟಿಯಿಂದ ಕೇಳುಗರೂ ಹತ್ತಿರ ಬರುತ್ತಾರೆ. ಪ್ರಬಂಧವಾಗಿ ಬೆಳೆಸುವುದಿದ್ದರೆ ಷಿಕಾಗೊ. 1928ರಿಂದ 2013ರವರೆಗೆ ಪ್ರತಿ ಹಂತವೂ ಅಲ್ಲಿ ಸಿಗುತ್ತದೆ. ಯಾವುದನ್ನು ಆರಿಸಿದರೂ ಒಂದೇ ವರ್ಷಕ್ಕೆ ಸೇರಿದ ನಾಲ್ಕು ಪ್ರಮಾಣಗಳನ್ನು ಅಕ್ಕಪಕ್ಕ ಇಡಿ: ಮಕ್ಕಳಲ್ಲಿ, ಶಿಕ್ಷಕರಲ್ಲಿ, ಮುಖ್ಯಶಿಕ್ಷಕರಲ್ಲಿ, ಕೇಂದ್ರ ಕಚೇರಿಯಲ್ಲಿ ಕಪ್ಪು ಜನ ಎಷ್ಟು. ಒಂದು 1970ರದು, ಇನ್ನೊಂದು 1985ರದು ಎಂದು ಬೆರೆಸಿದರೆ ಹೋಲಿಕೆ ಕೆಡುತ್ತದೆ. ನೀವು ಕೊಟ್ಟ ಶೇ. 15 ಮತ್ತು ಶೇ. 6 ಇಡೀ ದೇಶದ ಲೆಕ್ಕ, ಅದರಲ್ಲಿ ಕಪ್ಪು ಮುಖ್ಯಶಿಕ್ಷಕರು ಶೇ. 10ರಷ್ಟು. ನಗರಗಳ ಅಂಕಿ ಇದಕ್ಕಿಂತ ಬಹಳ ಬೇರೆ ಇರುತ್ತದೆ, ಆದ್ದರಿಂದ ನಿಮ್ಮ ಕೋಷ್ಟಕದಲ್ಲಿ ದೇಶದ ಸಾಲನ್ನೂ ನಗರದ ಸಾಲನ್ನೂ ಬೇರೆಬೇರೆಯಾಗಿಯೇ ಬರೆಯಿರಿ.